ಮಳೆಕಾಡಿನ ಎಳೆಮರಗಳ ಬೆಳವಣಿಗೆ

ಉಷ್ಣವಲಯದ ನಿತ್ಯಹರಿದ್ವರ್ಣ ಕಾಡುಗಳಲ್ಲಿ ಬೀಜ ಮೊಳೆತಂದಿನಿಂದ ಗಿಡದ ತಲೆ ಕಾಡಿನ ಮೇಲ್ಚಪ್ಪರವನ್ನು ಮುಟ್ಟುವವರೆಗಿನ ಬೆಳವಣಿಗೆಯನ್ನೂ ಅದನ್ನು ನಿರ್ಧರಿಸುವ ಅಂಶಗಳನ್ನೂ ಈ ಲೇಖನ ಪರಿಚಯಿಸುತ್ತದೆ. ಬೆಳಕು, ನೀರು, ಮಣ್ಣಿನ ಸತ್ವ, ಬೀಜದ ಗಾತ್ರ, ಕೀಟ, ರೋಗ ಮತ್ತು ಪ್ರಾಣಿಗಳ ಕಾಟ, ಅಕ್ಕಪಕ್ಕದ ಗಿಡಗಳ ಪೈಪೋಟಿ, ಮನುಷ್ಯನ ಬಳಕೆ ಇವು ಮುಖ್ಯ ಅಂಶಗಳು. ಗಿಡಕ್ಕೆ ಬೇಕಾದ ಬೆಳಕು, ನೀರು, ಸತ್ವಗಳಲ್ಲಿ ಯಾವುದು ತೀರ ಕಡಿಮೆಯಿದೆಯೋ ಅದೇ ಅದರ ಬೆಳವಣಿಗೆಯನ್ನು ಆಳುತ್ತದೆ. ಮಳೆಕಾಡಿನ ನೆಲದಲ್ಲಿ ಸಾಮಾನ್ಯವಾಗಿ ಆ ಕೊರತೆ ನೀರಿನದಲ್ಲ, ಬೆಳಕಿನದು.

ಕರ್ನಾಟಕದೊಳಗೇ ಇದಕ್ಕೆ ಒಳ್ಳೆಯ ನಿದರ್ಶನವಿದೆ. ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿಯೂ ಶಿವಮೊಗ್ಗ ಜಿಲ್ಲೆಯ ಆಗುಂಬೆಯೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಡುವಿನ ಅಂತರ ನೇರ ರೇಖೆಯಲ್ಲಿ ಸುಮಾರು 280 ಕಿ.ಮೀ. ಎರಡು ಊರುಗಳ ನೆತ್ತಿಯ ಮೇಲೂ ಸೂರ್ಯ ಒಂದೇ ಕೋನದಲ್ಲಿ ಹಾಯುತ್ತಾನೆ. ಆದರೆ ಮುದ್ದೇನಹಳ್ಳಿಯ ಸೀಮೆಯಲ್ಲಿ ವರ್ಷಕ್ಕೆ 700ರಿಂದ 800 ಮಿ.ಮೀ. ಮಳೆಯಾದರೆ ಆಗುಂಬೆಯಲ್ಲಿ ಸರಾಸರಿ 7,000 ಮಿ.ಮೀ. ಮೀರುತ್ತದೆ. ಮುದ್ದೇನಹಳ್ಳಿಯ ಸಸಿ ಬಿಸಿಲಲ್ಲಿ ನಿಂತು ನೀರಿಗೆ ಕಾಯುತ್ತದೆ. ಆಗುಂಬೆಯದು ನೀರಲ್ಲಿ ನಿಂತು ಬಿಸಿಲಿಗೆ ಕಾಯುತ್ತದೆ.

ವ್ಯಾಪ್ತಿ ಮತ್ತು ಹಂತಗಳು

ಕರ್ನಾಟಕದಲ್ಲಿ ಮಳೆಕಾಡು ಪಶ್ಚಿಮ ಘಟ್ಟದ ಪಡುವಣ ಇಳಿಜಾರಿನಲ್ಲಿ ಕೊಡಗಿನ ಮಾಕುಟ್ಟ, ಪುಷ್ಪಗಿರಿಗಳಿಂದ ಕುದುರೆಮುಖ, ಆಗುಂಬೆ, ಶರಾವತಿ ಕಣಿವೆಗಳ ಮೂಲಕ ಉತ್ತರ ಕನ್ನಡದವರೆಗೆ ಹಬ್ಬಿದೆ. ಧೂಪ, ಬಲಗಿ, ಪಾಲಿ, ನಾಗಸಂಪಿಗೆ, ಹೆಬ್ಬಲಸು, ಉಪ್ಪಾಗೆ, ರಾಂಪತ್ರೆ, ಹಾಸಿಗೆ ಮರ ಇಲ್ಲಿನ ಪರಿಚಿತ ಜಾತಿಗಳು.

ಬೆಳವಣಿಗೆಯ ಅಧ್ಯಯನದಲ್ಲಿ ಗಿಡಗಳನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಎಣಿಸುತ್ತಾರೆ. ಸುಮಾರು ಒಂದು ಮೀಟರಿಗಿಂತ ಗಿಡ್ಡನೆಯವು ಸಸಿಗಳು. ಅದಕ್ಕಿಂತ ಎತ್ತರವಾಗಿದ್ದು, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ 30 ಸೆಂ.ಮೀ. ಮುಟ್ಟದವು ಎಳೆಮರಗಳು. ಆ ಗಡಿ ದಾಟಿದ್ದು ಮರ. ಅಳತೆಯ ಗಡಿಗಳು ಅಧ್ಯಯನದಿಂದ ಅಧ್ಯಯನಕ್ಕೆ ಸ್ವಲ್ಪ ಬದಲಾಗುತ್ತವೆ. ಸಸಿಗಳ ಎತ್ತರ, ಬುಡದ ದಪ್ಪ, ಎಲೆಗಳ ಸಂಖ್ಯೆಯನ್ನು ದಾಖಲಿಸಿ, ಗುರುತಿನ ಬಿಲ್ಲೆ ಕಟ್ಟಿ, ವರ್ಷಕ್ಕೊಮ್ಮೆಯಾದರೂ ಮತ್ತೆ ಅಳೆಯುವುದು ವಾಡಿಕೆ. ಸಾವಿನ ಪ್ರಮಾಣ ಮೊದಲ ವರ್ಷದಲ್ಲಿ ಅತಿ ಹೆಚ್ಚು. ಗಿಡ ದೊಡ್ಡದಾದಂತೆ ಅದು ಇಳಿಯುತ್ತದೆ. ಬೀಜದಿಂದ ಮರದವರೆಗಿನ ದಾರಿಯಲ್ಲಿ ಗುರಿ ಮುಟ್ಟುವುದು ಸಾವಿರಾರು ಸಸಿಗಳಲ್ಲಿ ಬೆರಳೆಣಿಕೆಯಷ್ಟು. ಆದ್ದರಿಂದ ಎಳೆಮರದ ವಿಷಯದಲ್ಲಿ ಬೆಳೆಯುವುದನ್ನೂ ಬದುಕಿ ಉಳಿಯುವುದನ್ನೂ ಬೇರೆ ಮಾಡಿ ನೋಡಲಾಗುವುದಿಲ್ಲ.

ಬೆಳಕು

ಮಳೆಕಾಡಿನ ಮೇಲ್ಚಪ್ಪರದ ಮೇಲೆ ಬೀಳುವ ಬೆಳಕಿನಲ್ಲಿ ನೆಲವನ್ನು ಮುಟ್ಟುವುದು ಸಾಮಾನ್ಯವಾಗಿ ಶೇ. 1ರಿಂದ 2 ಮಾತ್ರ. ಬೆಳಕಿನ ಪ್ರಮಾಣ ಮಾತ್ರವಲ್ಲ, ಗುಣವೂ ಬದಲಾಗುತ್ತದೆ. ಮೇಲಿನ ಎಲೆಗಳು ಕೆಂಪು ಮತ್ತು ನೀಲಿ ಕಿರಣಗಳನ್ನು ಹೀರಿಕೊಂಡು ದೂರಕೆಂಪು ಕಿರಣಗಳನ್ನು ಕೆಳಕ್ಕೆ ಬಿಡುತ್ತವೆ. ಬಯಲಿನಲ್ಲಿ ಕೆಂಪು ಮತ್ತು ದೂರಕೆಂಪು ಕಿರಣಗಳ ಅನುಪಾತ ಸುಮಾರು 1.2 ಇದ್ದರೆ ದಟ್ಟ ಕಾಡಿನ ನೆಲದಲ್ಲಿ 0.2–0.4ಕ್ಕೆ ಇಳಿಯುತ್ತದೆ. ಈ ವ್ಯತ್ಯಾಸವನ್ನು ಗಿಡಗಳು ಫೈಟೊಕ್ರೋಮ್ ಎಂಬ ವರ್ಣದ್ರವ್ಯದ ಮೂಲಕ ಗುರುತಿಸುತ್ತವೆ. ಬಿಸಿಲುಪ್ರಿಯ ಜಾತಿಗಳ ಎಷ್ಟೋ ಬೀಜಗಳು ನೆರಳಿನ ಈ ಸುಳಿವು ಇರುವಷ್ಟು ದಿನ ಮೊಳೆಯದೆ ಮಣ್ಣಿನಲ್ಲೇ ಉಳಿಯುತ್ತವೆ.

ದಿನದ ಬೆಳಕಿನ ದೊಡ್ಡ ಪಾಲು ನೆಲಕ್ಕೆ ಬರುವುದು ಎಲೆಗಳ ಸಂದಿನಿಂದ ತೂರಿಬರುವ ಬಿಸಿಲಚುಕ್ಕೆಗಳ ರೂಪದಲ್ಲಿ. ಹಲವು ಕಾಡುಗಳಲ್ಲಿ ಸಸಿಗೆ ದಕ್ಕುವ ಒಟ್ಟು ಬೆಳಕಿನ ಅರ್ಧಕ್ಕೂ ಹೆಚ್ಚು ಹೀಗೆಯೇ ಒದಗುತ್ತದೆ. ಒಂದೊಂದು ಚುಕ್ಕೆ ಕೆಲವು ಸೆಕೆಂಡುಗಳಿಂದ ಕೆಲವು ನಿಮಿಷಗಳವರೆಗೆ ಎಲೆಯ ಮೇಲೆ ನಿಲ್ಲುತ್ತದೆ. ನೆರಳಲ್ಲಿದ್ದ ಎಲೆಯ ಕಿಣ್ವಗಳು ಚುರುಕಾಗಿ, ಪತ್ರರಂಧ್ರಗಳು ತೆರೆಯಲು ಸಮಯ ಬೇಕು. ಹಾಗಾಗಿ ಮೊದಲ ಚುಕ್ಕೆ ಬಹುಪಾಲು ವ್ಯರ್ಥವಾಗುತ್ತದೆ. ಅದು ಎಲೆಯನ್ನು ಸಜ್ಜುಗೊಳಿಸುತ್ತದೆ, ಸ್ವಲ್ಪ ಹೊತ್ತಿನಲ್ಲಿ ಬರುವ ಎರಡನೆಯದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಬಿಸಿಲಚುಕ್ಕೆಗಳು ಎಷ್ಟು ಬರುತ್ತವೆ ಎಂಬುದರ ಜೊತೆಗೆ ಎಷ್ಟು ಅಂತರದಲ್ಲಿ ಬರುತ್ತವೆ ಎಂಬುದೂ ಬೆಳವಣಿಗೆಗೆ ಮುಖ್ಯ.

ನೆರಳು ಸಹಿಸುವ ಜಾತಿಗಳು ಇಂಥ ಕೊರತೆಗೆ ಹೊಂದಿಕೊಂಡಿವೆ. ಅವುಗಳ ಎಲೆ ತೆಳು, ಅಗಲ. ಒಂದರ ನೆರಳು ಇನ್ನೊಂದರ ಮೇಲೆ ಬೀಳದಂತೆ ಅಡ್ಡಲಾಗಿ ಹರಡಿರುತ್ತವೆ. ಒಂದೇ ಎಲೆ ಹಲವು ವರ್ಷ ಬಾಳುತ್ತದೆ. ಉಸಿರಾಟದ ಖರ್ಚು ಕಡಿಮೆ. ಹೀಗೆ ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಬೆಳೆಯುತ್ತ, ಕೆಲವೊಮ್ಮೆ ಒಂದಿಷ್ಟೂ ಬೆಳೆಯದೆ, ಸಸಿ ದಶಕಗಳ ಕಾಲ ಉಳಿಯಬಲ್ಲದು. ಕಾಡಿನ ನೆಲದಲ್ಲಿ ಮೊಣಕಾಲೆತ್ತರಕ್ಕೆ ನಿಂತ ಗಿಡವನ್ನು ನೋಡಿ ಅದರ ವಯಸ್ಸು ಹೇಳುವುದು ಇದರಿಂದಾಗಿ ಕಷ್ಟ.

ಚಪ್ಪರದ ಕಿಂಡಿಗಳು

ಮುದಿಮರ ಉರುಳಿದಾಗ ಅಥವಾ ದೊಡ್ಡ ಕೊಂಬೆ ಮುರಿದಾಗ ಚಪ್ಪರದಲ್ಲಿ ಕಿಂಡಿ ಬೀಳುತ್ತದೆ. ಉಷ್ಣವಲಯದ ಅನೇಕ ಕಾಡುಗಳಲ್ಲಿ ವರ್ಷಕ್ಕೆ ಸುಮಾರು ಶೇ. 1ರಷ್ಟು ಪ್ರದೇಶ ಹೀಗೆ ತೆರೆದುಕೊಳ್ಳುತ್ತದೆಂದು ಅಂದಾಜು. ಎಳೆಮರದ ಜೀವನದಲ್ಲಿ ಇದಕ್ಕಿಂತ ದೊಡ್ಡ ತಿರುವು ಇಲ್ಲ.

ಕಿಂಡಿಯ ಅಳತೆ ಯಾವ ಜಾತಿ ಗೆಲ್ಲುತ್ತದೆ ಎಂಬುದನ್ನು ನಿರ್ಧರಿಸುತ್ತದೆ. ಸಣ್ಣ ಕಿಂಡಿಯಲ್ಲಿ ಮೊದಲೇ ಕಾದು ನಿಂತಿದ್ದ ಧೂಪ, ಪಾಲಿ, ರಾಂಪತ್ರೆಗಳ ಎಳೆಮರಗಳು ಚಿಗುರಿ ಜಾಗ ತುಂಬುತ್ತವೆ. ಕಿಂಡಿ ದೊಡ್ಡದಾಗಿ ನೆಲಕ್ಕೆ ನೇರ ಬಿಸಿಲು ಬಿದ್ದರೆ ಚಂದಕಲಿನಂಥ ಮುಂಚೂಣಿ ಜಾತಿಗಳು ಮೇಲುಗೈ ಪಡೆಯುತ್ತವೆ. ಕರಾವಳಿಯಲ್ಲಿ ಉಪ್ಪಳಿಗೆ ಎಂದು ಕರೆದು, ಎಲೆಯಲ್ಲಿ ಕಡುಬು ಬೇಯಿಸುವ ಮರ ಇದೇ. ಒಳ್ಳೆಯ ಬೆಳಕಿನಲ್ಲಿ ಇಂಥ ಜಾತಿಗಳು ವರ್ಷಕ್ಕೆ ಎರಡು ಮೀಟರಿಗೂ ಮಿಗಿಲಾಗಿ ಏರಬಲ್ಲವು. ಅವುಗಳ ಮರ ಹಗುರ, ಆಯಸ್ಸು ಕಡಿಮೆ, ನೆರಳಲ್ಲಿ ಸಾವು ಹೆಚ್ಚು. ನಿಧಾನವಾಗಿ ಬೆಳೆಯುವ ಜಾತಿಗಳು ಗಟ್ಟಿ ಮರ, ಗಡುಸಾದ ಎಲೆ, ಬೇರಿನ ಪಿಷ್ಟದ ದಾಸ್ತಾನು ಇವುಗಳಿಗೆ ಆಹಾರ ವಿನಿಯೋಗಿಸುತ್ತವೆ. ವೇಗವನ್ನೂ ತಾಳಿಕೆಯನ್ನೂ ಒಟ್ಟಿಗೆ ಪಡೆದ ಜಾತಿ ಅಪರೂಪ. ಮಳೆಕಾಡಿನ ಮರಗಳ ವೈವಿಧ್ಯದ ಒಂದು ಕಾರಣ ಈ ಕೊಡುಕೊಳೆಯಲ್ಲಿದೆ.

ಬೆಳಕು ಹಠಾತ್ತನೆ ಹೆಚ್ಚಿದರೂ ಅಪಾಯವೇ. ನೆರಳಿಗೆ ಒಗ್ಗಿದ ಎಲೆಗಳು ಬಿರುಬಿಸಿಲಿಗೆ ಹಳದಿಯಾಗಿ ಸುಡುತ್ತವೆ. ಗಿಡ ಅವನ್ನು ಉದುರಿಸಿ ಹೊಸ ಬಗೆಯ ಎಲೆ ಬಿಡುವವರೆಗೆ ಬೆಳವಣಿಗೆ ನಿಲ್ಲುತ್ತದೆ. ಬಿದ್ದ ಮರವೇ ತನ್ನಡಿಯ ಸಸಿಗಳನ್ನು ಜಜ್ಜುವುದೂ ಉಂಟು. ಮರ ಬೀಳದ ಕಡೆಯಲ್ಲೂ ಉದುರುವ ಒಣಕೊಂಬೆ, ಬಗನಿಯ ಗರಿ, ರಾಶಿಬೀಳುವ ತರಗೆಲೆ ಸಣ್ಣ ಸಸಿಗಳ ಸಾವಿಗೆ ಸಾಮಾನ್ಯ ಕಾರಣ. ಮುರಿದ ಬುಡದಿಂದ ಮತ್ತೆ ಚಿಗುರುವ ಶಕ್ತಿ ಇರುವ ಜಾತಿಗಳು ಇಲ್ಲಿ ಉಳಿದುಕೊಳ್ಳುತ್ತವೆ.

ಮಳೆ, ಬೇಸಿಗೆ ಮತ್ತು ಋತುಮಾನ

ಅಮೆಜಾನ್ ಅಥವಾ ಬೋರ್ನಿಯೊದ ಹಲವು ಭಾಗಗಳಲ್ಲಿ ಮಳೆ ವರ್ಷವಿಡೀ ಹಂಚಿಹೋಗಿದೆ. ಪಶ್ಚಿಮ ಘಟ್ಟದಲ್ಲಿ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿದು ಮುಗಿಯುತ್ತದೆ. ಆಗುಂಬೆಯಂಥ ಊರಲ್ಲೂ ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ನೆಲ ಒಣಗುತ್ತದೆ. ಘಟ್ಟದಲ್ಲಿ ಕೇರಳದಿಂದ ಉತ್ತರಕ್ಕೆ ಹೋದಂತೆ ಒಣ ತಿಂಗಳುಗಳು ಹೆಚ್ಚುತ್ತವೆ. ನಿತ್ಯಹರಿದ್ವರ್ಣ ಜಾತಿಗಳ ಹಂಚಿಕೆಯನ್ನು ನಿರ್ಧರಿಸುವುದು ವರ್ಷದ ಒಟ್ಟು ಮಳೆಗಿಂತ ಹೆಚ್ಚಾಗಿ ಒಣ ಋತುವಿನ ಉದ್ದವೆಂಬುದನ್ನು ಫ್ರೆಂಚ್ ಸಸ್ಯವಿಜ್ಞಾನಿ ಜೆ. ಪಿ. ಪಾಸ್ಕಲ್ ಈ ಕಾಡುಗಳ ಕುರಿತ ತಮ್ಮ 1988ರ ಗ್ರಂಥದಲ್ಲಿ ವಿವರವಾಗಿ ತೋರಿಸಿದ್ದಾರೆ.

ಮಳೆಯ ಈ ಹಂಚಿಕೆಯಿಂದ ಎಳೆಗಿಡಗಳಿಗೆ ಇಬ್ಬಗೆಯ ಇಕ್ಕಟ್ಟು. ನೀರು ಧಾರಾಳವಾಗಿರುವ ಮುಂಗಾರಿನ ತಿಂಗಳುಗಳಲ್ಲಿ ದಟ್ಟ ಮೋಡ ಕವಿದು, ಮೊದಲೇ ಕಡಿಮೆಯಿದ್ದ ಬೆಳಕು ಇನ್ನೂ ಕುಗ್ಗುತ್ತದೆ. ಬಿಸಿಲು ಚೆನ್ನಾಗಿರುವ ಫೆಬ್ರವರಿ–ಮಾರ್ಚ್‌ನಲ್ಲಿ ಮಣ್ಣಿನ ಮೇಲ್ಪದರದ ತೇವ ಆರಿರುತ್ತದೆ. ಆಳಕ್ಕೆ ಬೇರಿಳಿಸಿದ ದೊಡ್ಡ ಮರಗಳು ಈ ಬಿಸಿಲನ್ನು ಬಳಸಿಕೊಂಡು ಮಳೆಗೆ ಮುಂಚೆಯೇ ಚಿಗುರುತ್ತವೆ. ಗೇಣುದ್ದದ ಬೇರಿನ ಸಸಿಗೆ ಆ ಸೌಲಭ್ಯವಿಲ್ಲ. ಮೊದಲ ಬೇಸಿಗೆಯನ್ನು ದಾಟುವುದೇ ಅದರ ದೊಡ್ಡ ಪರೀಕ್ಷೆ. ಹಳ್ಳದ ದಡ, ಕಣಿವೆಯ ತಳದಂಥ ತಂಪು ಜಾಗಗಳಲ್ಲಿ ಸಸಿಗಳು ಹೆಚ್ಚು ಉಳಿಯಲು ಇದು ಕಾರಣ.

ಕಡಿದಾದ ಇಳಿಜಾರಿನಲ್ಲಿ ಮಳೆಯೇ ಸಸಿಯನ್ನು ಕಿತ್ತೊಯ್ಯಬಹುದು. ಗುಡ್ಡದ ನೆತ್ತಿಗಳಲ್ಲಿ ಮುಂಗಾರಿನ ಗಾಳಿ ಮರಗಳ ಎತ್ತರವನ್ನು ತಗ್ಗಿಸುತ್ತದೆ. ಕುದುರೆಮುಖದ ಎತ್ತರದಲ್ಲಿ ಶೋಲಾ ಕಾಡು ಕಣಿವೆಗಳ ಮಡಿಲಿಗೆ ಸೀಮಿತವಾಗಿ, ಬೋಳುಗುಡ್ಡದಲ್ಲಿ ಹುಲ್ಲು ಉಳಿದಿರುವುದಕ್ಕೆ ಗಾಳಿ, ತೆಳುಮಣ್ಣು ಮತ್ತು ಬೆಂಕಿಯನ್ನು ಕಾರಣಗಳಾಗಿ ಹೇಳುತ್ತಾರೆ.

ಮಣ್ಣು ಮತ್ತು ಬೇರಿನ ಶಿಲೀಂಧ್ರಗಳು

ದಟ್ಟ ಹಸಿರನ್ನು ನೋಡಿ ಮಳೆಕಾಡಿನ ಮಣ್ಣು ಫಲವತ್ತೆಂದು ಭಾವಿಸುವುದು ಸಹಜ. ವಾಸ್ತವದಲ್ಲಿ ಭಾರಿ ಮಳೆ ಮಣ್ಣಿನ ಸುಣ್ಣ, ಪೊಟ್ಯಾಷಿಯಂ, ಮೆಗ್ನೀಷಿಯಂಗಳನ್ನು ತೊಳೆದೊಯ್ದು, ಕಬ್ಬಿಣ ಮತ್ತು ಅಲ್ಯೂಮಿನಿಯಂ ಸಂಯುಕ್ತಗಳನ್ನು ಉಳಿಸುತ್ತದೆ. ಮಣ್ಣು ಹುಳಿಯಾಗುತ್ತದೆ, ಇದ್ದ ರಂಜಕವೂ ಗಿಡಕ್ಕೆ ಸಿಗದಂತೆ ಬಂಧಿಯಾಗುತ್ತದೆ. ಪೋಷಕಾಂಶದ ಬಹುಭಾಗ ಇರುವುದು ಜೀವಂತ ಗಿಡಮರಗಳಲ್ಲಿ ಮತ್ತು ಕೊಳೆಯುತ್ತಿರುವ ತರಗೆಲೆಯ ತೆಳು ಪದರದಲ್ಲಿ. ಎಳೆಗಿಡದ ಬೇರುಗಳು ಈ ಪದರದಲ್ಲೇ ಜಾಲದಂತೆ ಹರಡುವುದು ಇದಕ್ಕಾಗಿ.

ರಂಜಕ ಪಡೆಯಲು ಸಸಿಗಳು ಬೇರಿನ ಶಿಲೀಂಧ್ರಗಳನ್ನು, ಅಂದರೆ ಮೈಕೊರೈಜಾಗಳನ್ನು, ನೆಚ್ಚಿಕೊಂಡಿವೆ. ಶಿಲೀಂಧ್ರದ ಎಳೆಗಳು ಬೇರು ತಲುಪದ ಸಂದುಗಳಿಂದ ಪೋಷಕಾಂಶ ತರುತ್ತವೆ. ಪ್ರತಿಯಾಗಿ ಗಿಡ ಸಕ್ಕರೆ ಕೊಡುತ್ತದೆ. ಹೆಚ್ಚಿನ ಮಳೆಕಾಡು ಮರಗಳಲ್ಲಿ ಶಿಲೀಂಧ್ರ ಬೇರಿನ ಕೋಶದೊಳಗೆ ಸೇರುತ್ತದೆ. ಧೂಪದ ಬಳಗದ ಅನೇಕ ಮರಗಳಲ್ಲಿ ಬೇರಿನ ತುದಿಯ ಸುತ್ತ ಹೊದಿಕೆಯಾಗಿ ಬೆಳೆಯುತ್ತದೆ. ತಾಯಿಮರದ ಸಮೀಪ ಮೊಳೆತ ಸಸಿಗೆ ಸರಿಯಾದ ಶಿಲೀಂಧ್ರ ಬೇಗ ದೊರೆಯುತ್ತದೆ. ಮೇಲ್ಮಣ್ಣು ಕಳೆದುಕೊಂಡ ಬೋಳುನೆಲದಲ್ಲಿ ಕಾಡುಜಾತಿಯ ಸಸಿ ನೆಟ್ಟರೆ ಅದು ಸೊರಗುವುದಕ್ಕೆ ಈ ನಂಟು ಕಡಿದಿರುವುದೂ ಒಂದು ಕಾರಣವಾಗಬಹುದು. ಆದರೆ ದಟ್ಟ ನೆರಳಿನಲ್ಲಿ ಗೊಬ್ಬರ ಹಾಕಿದರೂ ಬೆಳವಣಿಗೆ ಅಷ್ಟಾಗಿ ಹೆಚ್ಚುವುದಿಲ್ಲ. ಬೆಳಕು ಸಿಕ್ಕ ಮೇಲೆಯೇ ಮಣ್ಣಿನ ಬಡತನ ಎದ್ದು ಕಾಣುತ್ತದೆ.

ಬೀಜದ ಗಾತ್ರ ಮತ್ತು ಮೊದಲ ವಾರಗಳು

ಸಾಲುಧೂಪದ ಕಾಯಿ ಮಳೆಗಾಲದ ಆರಂಭದಲ್ಲಿ ಉದುರುತ್ತದೆ. ಕೋಳಿಮೊಟ್ಟೆಯಷ್ಟು ದಪ್ಪದ ಕಂದು ಕಾಯಿ ಮೂರು ಹೋಳಾಗಿ ಬಿರಿಯುತ್ತದೆ. ಒಳಗಿನ ಬೀಜದಳಗಳು ಕೊಬ್ಬಿನಿಂದ ತುಂಬಿರುತ್ತವೆ. ಮೊಳಕೆ ತರಗೆಲೆಯ ಹಾಸನ್ನು ಸೀಳಿ ಮೇಲೆ ಬರಲು, ಬೇರು ಖನಿಜ ಮಣ್ಣನ್ನು ಮುಟ್ಟಲು, ಮೊದಲ ಎಲೆಯನ್ನು ಕೀಟ ತಿಂದರೆ ಇನ್ನೊಂದು ಬಿಡಲು ಬೇಕಾದ ಬಂಡವಾಳವೆಲ್ಲ ಅದರಲ್ಲಿದೆ. ಈ ಬೀಜಕ್ಕೆ ಸುಪ್ತಾವಸ್ಥೆ ಇಲ್ಲ. ಒಣಗಿದರೆ ಸಾಯುತ್ತದೆ, ಬಿದ್ದ ಕೆಲವೇ ವಾರಗಳಲ್ಲಿ ಮೊಳೆಯಲೇಬೇಕು. ರಾಂಪತ್ರೆಯ ಬಳಗದ ಬೀಜಗಳದ್ದೂ ಇದೇ ಕಥೆ. ಮುಂಗಾರು ಕೈಕೊಟ್ಟ ವರ್ಷ ಇಂಥ ಜಾತಿಗಳ ಒಂದು ತಲೆಮಾರಿನ ಸಸಿಗಳೇ ಇಲ್ಲವಾಗಬಹುದು.

ಇದಕ್ಕೆ ವಿರುದ್ಧವಾಗಿ ಮುಂಚೂಣಿ ಜಾತಿಗಳ ಬೀಜ ಸಣ್ಣದು, ಲೆಕ್ಕವಿಲ್ಲದಷ್ಟು. ಹಕ್ಕಿಗಳು ಎಲ್ಲೆಡೆ ಚೆಲ್ಲಿದ ಬೀಜ ಮಣ್ಣಿನಲ್ಲಿ ಬೆಳಕಿಗೆ ಕಾದಿರುತ್ತದೆ. ಒಂದು ಬಗೆಯ ಮರಗಳು ಸಸಿಯ ರೂಪದಲ್ಲಿ ಕಾಯುತ್ತವೆ, ಇನ್ನೊಂದು ಬಗೆಯವು ಬೀಜದ ರೂಪದಲ್ಲಿ.

ಬೀಜ ಎಲ್ಲಿ ಬೀಳುತ್ತದೆ ಎಂಬುದು ಪ್ರಾಣಿಪಕ್ಷಿಗಳ ಕೈಯಲ್ಲಿದೆ. ರಾಂಪತ್ರೆ, ರಾಳಧೂಪಗಳಂಥ ದೊಡ್ಡ ಬೀಜಗಳನ್ನು ಮಂಗಟ್ಟೆ ಹಕ್ಕಿಗಳು ದೂರ ಒಯ್ದು ಉದುರಿಸುತ್ತವೆ. ಸಿಂಗಳೀಕ, ಪುನುಗು ಬೆಕ್ಕು, ಕಾಡುಪಾರಿವಾಳಗಳೂ ಈ ಕೆಲಸದಲ್ಲಿ ಪಾಲುದಾರರು. ಬೇಟೆಯಿಂದ ಅಥವಾ ಕಾಡು ತುಂಡಾಗಿ ಇವು ಮರೆಯಾದ ಕಡೆ ಬೀಜಗಳು ತಾಯಿಮರದಡಿಯೇ ರಾಶಿ ಬೀಳುತ್ತವೆ.

ತಿನ್ನುವವರು, ರೋಗಗಳು ಮತ್ತು ಕಾವಲು ಇರುವೆಗಳು

ತಾಯಿಮರದಡಿ ಒತ್ತಾಗಿ ಬೆಳೆದ ಸಸಿಗಳಿಗೆ ಆ ಜಾತಿಗೇ ಅಂಟುವ ಕೀಟ, ಶಿಲೀಂಧ್ರಗಳ ಕಾಟ ಹೆಚ್ಚು. ದೂರ ಹೋದವು ಉಳಿಯುತ್ತವೆ. ಹೀಗಾಗಿ ಯಾವುದೊಂದೇ ಜಾತಿ ಕಾಡನ್ನು ಆಕ್ರಮಿಸುವುದಿಲ್ಲ ಎಂಬ ವಾದವನ್ನು ಅಮೆರಿಕದ ಡೇನಿಯಲ್ ಜಾನ್ಜೆನ್ 1970ರಲ್ಲಿ, ಜೋಸೆಫ್ ಕಾನೆಲ್ 1971ರಲ್ಲಿ ಬೇರೆಬೇರೆಯಾಗಿ ಮಂಡಿಸಿದರು. ಮಧ್ಯ ಅಮೆರಿಕದ ಬೆಲೀಜ್‌ನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಶಿಲೀಂಧ್ರನಾಶಕ ಸಿಂಪಡಿಸಿದ ತಾಕುಗಳಲ್ಲಿ ಸಸಿಗಳ ಜಾತಿವೈವಿಧ್ಯ ಇಳಿದದ್ದು ಕಂಡುಬಂತು. ಆದರೆ ನಿಯಮಕ್ಕೆ ಅಪವಾದಗಳೂ ಇವೆ. ಆಗುಂಬೆ–ಕುದುರೆಮುಖದ ಕಡೆ ಬಲಗಿ ಮರ ಗುಂಪುಗುಂಪಾಗಿ, ಬೇರೆ ಜಾತಿಗಳಿಗೆ ಹೆಚ್ಚು ಎಡೆಗೊಡದೆ ಬೆಳೆಯುತ್ತದೆ.

ಎಳೆಗಿಡಕ್ಕೆ ಅತಿ ಅಪಾಯದ ಹೊತ್ತು ಎಲೆ ಎಳೆಯದಾಗಿರುವಾಗ. ನಾಗಸಂಪಿಗೆಯಂಥ ಮರಗಳ ಚಿಗುರು ಕೆಂಪಾಗಿ ಇಳಿಬೀಳುತ್ತದೆ. ಎಲೆ ಬಲಿತು ಗಡುಸಾಗುವವರೆಗೆ ಅದರಲ್ಲಿ ಹಸಿರು ಪತ್ರಹರಿತ್ತಾಗಲಿ ಸಾರಜನಕವಾಗಲಿ ಹೆಚ್ಚು ತುಂಬುವುದಿಲ್ಲ, ತಿಂದವರಿಗೂ ಹೆಚ್ಚು ದಕ್ಕುವುದಿಲ್ಲ.

ಹಾಸಿಗೆ ಮರದ ಉಪಾಯ ಬೇರೆ. ಇದರ ಕೆಲವು ಗಿಡಗಳಲ್ಲಿ ಕಾಂಡದ ಗೆಣ್ಣುಗಳ ನಡುವೆ ಊದಿಕೊಂಡ ಟೊಳ್ಳು ಇದ್ದು, ಅದಕ್ಕೆ ತಾನಾಗಿ ಮೂಡಿದ ಒಂದು ಕಂಡಿ ಇರುತ್ತದೆ. ಅದರಲ್ಲಿ ಇರುವೆಗಳು ಮನೆ ಮಾಡುತ್ತವೆ. ಚಿಗುರಿನ ಬಳಿ ಗಿಡ ಸುರಿಸುವ ಸಿಹಿರಸ ಅವುಗಳಿಗೆ ಮೇವು. ಕೆಲವು ಜಾತಿಯ ಇರುವೆಗಳು ಎಲೆ ತಿನ್ನುವ ಕೀಟಗಳನ್ನು ಓಡಿಸುತ್ತವೆ. ಕೆಲವು ಬರಿದೆ ಬಿಡಾರ ಹೂಡುತ್ತವೆ. ಟೊಳ್ಳುಗಳಲ್ಲಿ ಮರವಾಸಿ ಎರೆಹುಳುವೂ ಸಿಗುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ರೆನೀ ಬೋರ್ಜೆಸ್ ಮತ್ತು ಸಂಗಡಿಗರ ಅಧ್ಯಯನಗಳ ಪ್ರಕಾರ ಕಾವಲು ಕಾಯದ ನಿವಾಸಿಗಳಿಂದಲೂ ಗಿಡಕ್ಕೆ ಪೋಷಕಾಂಶ ಸೇರುತ್ತದೆ.

ಜಿಂಕೆ, ಕಡವೆ, ಮುಳ್ಳುಹಂದಿ, ಕಾಡುಹಂದಿಗಳು ಸಸಿಗಳನ್ನು ಮೇಯುತ್ತವೆ, ತುಳಿಯುತ್ತವೆ, ಬುಡ ಅಗೆಯುತ್ತವೆ. ಅಕ್ಕಪಕ್ಕದ ಗಿಡಗಳೂ ಕಡಿಮೆಯಲ್ಲ. ಗುರ್ಗಿ, ವಾಟೆ, ಬೆತ್ತಗಳ ದಟ್ಟ ಪೊದೆಯಡಿ ಬೆಳಕು ಇನ್ನಷ್ಟು ಕುಗ್ಗುತ್ತದೆ. ಹಲವು ಬಗೆಯ ಗುರ್ಗಿಗಳು ಅನೇಕ ವರ್ಷಗಳಿಗೊಮ್ಮೆ ಒಟ್ಟಿಗೆ ಹೂಬಿಟ್ಟು ಒಟ್ಟಿಗೆ ಸಾಯುತ್ತವೆ. ಆಗ ಕೆಳಗಿದ್ದ ಮರದ ಸಸಿಗಳಿಗೆ ಒಂದೆರಡು ವರ್ಷ ಬಿಡುವು ಸಿಗುತ್ತದೆ. ಕಿಂಡಿಗಳಲ್ಲಿ ನುಗ್ಗಿ ಬೆಳೆಯುವ ಬಳ್ಳಿಗಳು ಎಳೆಮರದ ತಲೆಗೆ ಭಾರ ಹೇರಿ ಬಗ್ಗಿಸುತ್ತವೆ.

ಜೌಗುಕಾಡಿನ ವಿಶೇಷ

ಉತ್ತರ ಕನ್ನಡದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನು ರಾಂಪತ್ರೆ ಜಡ್ಡಿಗಳಿಗೆ, ಅಂದರೆ ಜೌಗುಕಾಡುಗಳಿಗೆ, ಹೆಸರಾಗಿದೆ. ವರ್ಷವಿಡೀ ನೀರು ಜಿನುಗುವ ಈ ಕೆಸರಿನಲ್ಲಿ ಬೇರಿಗೆ ಆಮ್ಲಜನಕ ಸಿಗುವುದಿಲ್ಲ. ಆದ್ದರಿಂದ ಇಲ್ಲಿನ ಮರಗಳು ಊರುಗೋಲಿನಂತೆ ಇಳಿದ ಬೇರುಗಳನ್ನೂ ಮಂಡಿಯಂತೆ ಮಡಿದು ಕೆಸರಿನಿಂದ ಮೇಲೇಳುವ ಉಸಿರುಬೇರುಗಳನ್ನೂ ಬೆಳೆಸಿಕೊಂಡಿವೆ. ಸಸಿಗಳು ಉಳಿಯಲು ನೀರಿನ ಮಟ್ಟ ಹೆಚ್ಚು ಏರಿಳಿಯಬಾರದು, ಮೇಲಿನ ನೆರಳು ಮಾಸಬಾರದು. ತೊರೆಯನ್ನು ತೋಟಕ್ಕೆ ತಿರುಗಿಸಿದರೆ ದೊಡ್ಡ ಮರಗಳು ಕೆಲಕಾಲ ನಿಂತಿರುತ್ತವೆ, ಮರಿಗಿಡಗಳು ಮಾತ್ರ ಕಾಣೆಯಾಗುತ್ತವೆ. ಅನೇಕ ಜಡ್ಡಿಗಳು ಹಿಂದೆ ಗದ್ದೆ, ಅಡಿಕೆ ತೋಟಗಳಾಗಿ ಬದಲಾದವು. 2000ದಲ್ಲಿ ವಿಜ್ಞಾನಕ್ಕೆ ಹೊಸದೆಂದು ವಿವರಿಸಲಾದ ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್ ಎಂಬ ಗೇರುಬಳಗದ ಮರಕ್ಕೆ ಹೆಸರು ಬಂದದ್ದು ಈ ಊರಿನಿಂದಲೇ.

ಮನುಷ್ಯನ ಬಳಕೆ

ಮಲೆನಾಡಿನ ಅಡಿಕೆ ತೋಟ ಸೊಪ್ಪು ಮತ್ತು ದರಕನ್ನು, ಅಂದರೆ ಉದುರಿದ ತರಗೆಲೆಯನ್ನು, ಅವಲಂಬಿಸಿದೆ. ಉತ್ತರ ಕನ್ನಡದಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಹಕ್ಕು ಬ್ರಿಟಿಷರ ಕಾಲದಿಂದ ಬಂದಿದೆ. ಬೆಟ್ಟದಲ್ಲಿ ಮರ ಉಳಿದಿದ್ದರೂ ವರ್ಷವರ್ಷವೂ ದರಕು ಗುಡಿಸಿ, ಟೊಂಗೆ ಸವರಿ, ದನ ಮೇಯಿಸಿದ ಕಡೆ ತೇವ ಮತ್ತು ಪೋಷಕಾಂಶದ ಪದರವೇ ಇಲ್ಲವಾಗಿ ಮಳೆಕಾಡು ಜಾತಿಗಳ ಸಸಿ ನಿಲ್ಲುವುದಿಲ್ಲ. ಮತ್ತಿ, ಹೊನಗಲು ಮುಂತಾದ ಎಲೆಯುದುರುವ ಮರಗಳು ಜಾಗ ಹಿಡಿಯುತ್ತವೆ. ಸರದಿಯ ಪ್ರಕಾರ ಬೆಟ್ಟದ ಒಂದು ಭಾಗವನ್ನು ಕೆಲವು ವರ್ಷ ಮುಟ್ಟದೆ ಬಿಟ್ಟಲ್ಲಿ ಮರಿಗಿಡಗಳು ಮರಳುತ್ತವೆ.

ಉಪ್ಪಾಗೆ, ರಾಂಪತ್ರೆಗಳಂಥ ಕಿರು ಅರಣ್ಯ ಉತ್ಪನ್ನಗಳಿಗೆ ಬೆಲೆ ಏರಿದಾಗ ಕಾಯಿ ಮಾಗುವ ಮುನ್ನವೇ ಕಿತ್ತು, ಕೊಂಬೆ ಕಡಿಯುವುದು ನಡೆಯುತ್ತದೆ. ಮೊಳೆಯಲು ಬೀಜವೇ ಉಳಿಯುವುದಿಲ್ಲ. ಕೊಡಗಿನಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ. ಇವುಗಳಲ್ಲಿ ಚಿಕ್ಕವಕ್ಕೆ ಸುತ್ತಲಿಂದ ಬಿಸಿಲು, ಒಣಗಾಳಿ ನುಗ್ಗುತ್ತದೆ. ಅಂಚಿನಲ್ಲಿ ಬಿಸಿಲುಪ್ರಿಯ ಗಿಡಗಳು, ಲಂಟಾನ, ಯುಪಟೋರಿಯಂ ಹೆಚ್ಚುತ್ತವೆ. ಬೆಂಕಿಯಂತೂ ತೆಳುತೊಗಟೆಯ ಮಳೆಕಾಡು ಸಸಿಗಳಿಗೆ ಮಾರಕ.

ಕರ್ನಾಟಕದ ದೀರ್ಘಕಾಲೀನ ಅಧ್ಯಯನ

ಕೊಡಗಿನ ಕಡಮಕಲ್ಲು ಮೀಸಲು ಅರಣ್ಯದ ಉಪ್ಪಂಗಳದಲ್ಲಿ ಪುದುಚೇರಿಯ ಫ್ರೆಂಚ್ ಸಂಸ್ಥೆ 1990ರ ಆಸುಪಾಸಿನಲ್ಲಿ ಶಾಶ್ವತ ತಾಕುಗಳನ್ನು ಗುರುತಿಸಿ ಮರಗಳ ಬೆಳವಣಿಗೆಯನ್ನು ಅಳೆಯುತ್ತ ಬಂದಿದೆ. ಮುಗಿಲಿಗೆ ಚಾಚಿದ ಧೂಪದ ಬಳಗದ ಎರಡು ಜಾತಿಗಳು, ಚಪ್ಪರದ ಮಟ್ಟದ ಕಾಡುಜಾಯಿಕಾಯಿ, ಅದರ ಕೆಳಗೆ ರಕ್ತಮರ, ತಳದಲ್ಲಿ ಹಾಸಿಗೆ ಮರ ಹೀಗೆ ಅಂತಸ್ತುಗಳು ಅಲ್ಲಿ ಸ್ಪಷ್ಟ. ಕಡಿದಾದ ಇಳಿಜಾರಿನಲ್ಲಿ ಮರಗಳು ಉರುಳುವುದು, ಕಿಂಡಿ ತೆರೆಯುವುದು, ಮರಿಗಳು ಮೇಲೇರುವುದು ಹೇಗೆಂಬುದಕ್ಕೆ ಇದು ಕರ್ನಾಟಕದ ಬಹುಮುಖ್ಯ ದಾಖಲೆ. ಆಗುಂಬೆಯಲ್ಲಿ ರೋಮುಲಸ್ ವಿಟೇಕರ್ 2005ರಲ್ಲಿ ಸ್ಥಾಪಿಸಿದ ಮಳೆಕಾಡು ಸಂಶೋಧನಾ ಕೇಂದ್ರ ಕಾಳಿಂಗಸರ್ಪದ ಅಧ್ಯಯನಕ್ಕೆ ಪ್ರಸಿದ್ಧವಾದರೂ ಸುತ್ತಲಿನ ಮಳೆಕಾಡಿನ ಪರಿಸರವೂ ಅದರ ಆಸಕ್ತಿಯ ವಿಷಯ.

ಒಣಸೀಮೆಯೊಂದಿಗೆ ಹೋಲಿಕೆ

ಮುದ್ದೇನಹಳ್ಳಿ, ನಂದಿ, ಸ್ಕಂದಗಿರಿಗಳ ಸುತ್ತಿನ ಕಾಡು ಕುರುಚಲು. ಜಾಲಿ, ತುಗ್ಗಲಿ, ದಿಂಡಿಗ, ಬಂದರಿಕೆಗಳ ಸಸಿಗಳಿಗೆ ಇಲ್ಲಿ ಬೆಳಕಿನ ಬರವಿಲ್ಲ. ಮಳೆಯ ದೊಡ್ಡ ಪಾಲು ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬೀಳುತ್ತದೆ. ಅಷ್ಟರಲ್ಲಿ ಬೇರು ಆಳಕ್ಕೆ ಇಳಿಯದ ಸಸಿ ಬೇಸಿಗೆಯಲ್ಲಿ ಒಣಗುತ್ತದೆ, ಇಲ್ಲವೇ ಮೇಕೆಯ ಬಾಯಿಗೋ ಬೆಂಕಿಗೋ ಸಿಗುತ್ತದೆ. ಹಾಗಾಗಿ ಇಲ್ಲಿನ ಜಾತಿಗಳು ಮೊದಲು ಬೇರನ್ನು ಬೆಳೆಸುತ್ತವೆ. ಮಳೆಕಾಡಿನ ಸಸಿ ಮೊದಲು ಎಲೆಯನ್ನು ಹರಡುತ್ತದೆ.

1,478 ಮೀ. ಎತ್ತರದ ನಂದಿಬೆಟ್ಟದ ನೆತ್ತಿ ಇದೇ ಸೀಮೆಯಲ್ಲಿದ್ದೂ ಬೇರೆ ಲೋಕ. ಮಂಜು ಮತ್ತು ತಂಪಿನಿಂದ ಅಲ್ಲಿ ದೊಡ್ಡ ಮರಗಳ ನೆರಳು, ಕೊಂಬೆಗಳ ಮೇಲೆ ಹಾವಸೆ ಕಾಣುತ್ತವೆ. ಪಶ್ಚಿಮ ಘಟ್ಟದ ನೀಲಗಿರಿ ಕಾಡುಪಾರಿವಾಳ ಅಲ್ಲಿಯೂ ನೆಲೆ ಕಂಡಿದೆ. ತೇವ ಹೆಚ್ಚಿದೊಡನೆ ಪೈಪೋಟಿ ನೀರಿನಿಂದ ಬೆಳಕಿನ ಕಡೆಗೆ ತಿರುಗುತ್ತದೆ ಎಂಬುದು ಬೆಟ್ಟದ ಬುಡದಿಂದ ತುದಿಗೆ ಹತ್ತಿದವರಿಗೆ ತಿಳಿಯುತ್ತದೆ.  

ಪುನಶ್ಚೇತನಕ್ಕೆ ಸೂತ್ರಗಳು

ಮೇಲಿನ ಅಂಶಗಳಿಂದ ಕೆಲವು ವ್ಯಾವಹಾರಿಕ ತೀರ್ಮಾನಗಳು ಹೊರಡುತ್ತವೆ. ಮಳೆಕಾಡು ಜಾತಿಗಳ ಬೀಜವನ್ನು ಕೂಡಿಡಲಾಗದು. ಬಿದ್ದ ಕೂಡಲೇ ಆರಿಸಿ ನರ್ಸರಿಯಲ್ಲಿ ನೆರಳಲ್ಲಿ ಬೆಳೆಸಬೇಕು. ಬಯಲಿಗೆ ನೇರವಾಗಿ ನೆಡುವ ಬದಲು ಮೊದಲು ಚಂದಕಲಿನಂಥ ಗಿಡಗಳ ತೆಳುನೆರಳು ಸಿದ್ಧವಾಗಬೇಕು. ನೆಟ್ಟ ಗಿಡ ಮೊದಲ ಎರಡು ಮೂರು ಬೇಸಿಗೆಗಳನ್ನು ದಾಟುವವರೆಗೆ ಬೆಂಕಿ ಮತ್ತು ದನಕರುಗಳಿಂದ ಕಾಪಾಡಬೇಕು. ಕಾಡು ಇನ್ನೂ ಉಳಿದಿರುವ ಕಡೆ ನೆಡುವುದಕ್ಕಿಂತ ದರಕು, ಹಕ್ಕಿ, ತೊರೆಗಳನ್ನು ಹಾಗೆಯೇ ಬಿಡುವುದು ಅಗ್ಗವೂ ಹೌದು, ಖಚಿತವೂ ಹೌದು. ಮೊಣಕಾಲೆತ್ತರದ ಸಸಿಗಳಿಂದ ತುಂಬಿದ ನೆಲವನ್ನು ಪೊದೆಯೆಂದು ಸವರಿ ಹೊಸ ಸಸಿ ನೆಟ್ಟರೆ ದಶಕಗಳ ಬೆಳವಣಿಗೆ ಒಂದೇ ದಿನದಲ್ಲಿ ನಷ್ಟವಾಗುತ್ತದೆ. ಕಾಡಿನ ಆರೋಗ್ಯವನ್ನು ನಿಂತ ಮರಗಳ ಲೆಕ್ಕದಿಂದ ಮಾತ್ರ ಅಳೆಯದೆ, ಅವುಗಳಡಿಯಲ್ಲಿ ಎಲ್ಲ ವಯಸ್ಸಿನ, ಎಲ್ಲ ಜಾತಿಯ ಮರಿಗಳಿವೆಯೇ ಎಂದು ನೋಡುವುದು ಹೆಚ್ಚು ನಂಬಲರ್ಹ ಕ್ರಮ.